ಒಂದು ಚಿಟಿಕೆ ಧೂಪ ಹಾಕಿದ್ದರೆ ಸಾಕಿತ್ತು

“ಅಪ್ಪ, ಅಲ್ಲಿರೋ ಆ ಹೂಜಿ ನೋಡು. ಅದನ್ನ ಹೂಜಿ ಅನ್ನದೆ ಬೇರೆ ಏನಾದ್ರೂ ಅಂತ ಕರೆಯೋಕಾಗುತ್ತಾ?”

“ಇಲ್ಲ.”

“ಹಾಗೇ ನಾನೂ. ನಾನು ಏನಾಗಿದ್ದೀನೋ ಅದನ್ನ ಬಿಟ್ಟು ಬೇರೆ ಏನೋ ಅಂತ ಹೇಳಿಕೊಳ್ಳೋಕಾಗಲ್ಲ. ನಾನು ಕ್ರೈಸ್ತಳು.”

ಈ ಮಾತು ನಡೆದದ್ದು ಕ್ರಿ.ಶ. 203ರಲ್ಲಿ, ಕಾರ್ತೇಜ್‌ನಲ್ಲಿ. ಈಗಿನ ಟುನೀಶಿಯಾ ಅದು. ಮಗಳ ಹೆಸರು ಪೆರ್ಪೆತುವಾ. ವಯಸ್ಸು ಸುಮಾರು 22, ಒಳ್ಳೆಯ ಮನೆತನ, ಓದು ಬರಹ ಬಲ್ಲವಳು, ಮಡಿಲಲ್ಲಿ ಇನ್ನೂ ಹಾಲು ಕುಡಿಯುವ ಗಂಡು ಮಗು. ಸೆರೆಮನೆಯಲ್ಲಿ ಕೂತು ಅವಳೇ ಬರೆದ ಟಿಪ್ಪಣಿ ಇವತ್ತಿಗೂ ಉಳಿದಿದೆ. ಆ ಕಾಲದ ಕ್ರೈಸ್ತ ಹೆಣ್ಣುಮಗಳೊಬ್ಬಳು ಸ್ವಂತ ಕೈಯಿಂದ ಬರೆದದ್ದು ನಮಗೆ ಸಿಕ್ಕಿರುವುದೇ ಬಹಳ ಕಡಿಮೆ, ಹಾಗಾಗಿ ನಾನು ಇದನ್ನು ಮತ್ತೆ ಮತ್ತೆ ಓದುತ್ತೇನೆ. ಓದಿದಾಗೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಅವಳ ಧೈರ್ಯಕ್ಕಿಂತ ಜಾಸ್ತಿ ಆ ಅಪ್ಪನ ಸಂಕಟ.

ಹೂಜಿಯ ಮಾತು ಕೇಳಿ ಅವನಿಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ಕಿತ್ತೇ ಬಿಡುವವನಂತೆ ಮಗಳ ಮೇಲೆ ಎರಗಿದ. ಇನ್ನೊಮ್ಮೆ ಬಂದಾಗ ಸಿಟ್ಟೆಲ್ಲ ಇಳಿದುಹೋಗಿತ್ತು. ಮಗಳ ಕೈಗೆ ಮುತ್ತಿಟ್ಟ, ಕಾಲ ಬಳಿ ಬಿದ್ದ, ನನ್ನ ನರೆತ ತಲೆಯನ್ನಾದರೂ ನೋಡು, ನಿನ್ನ ತಾಯಿಯನ್ನು ನೋಡು, ನೀನಿಲ್ಲದೆ ಬದುಕದ ಈ ಕೂಸನ್ನಾದರೂ ನೋಡು ಅಂತ ಗೋಗರೆದ. ವಿಚಾರಣೆಯ ದಿನ ಮಗುವನ್ನು ಎತ್ತಿಕೊಂಡೇ ಬಂದಿದ್ದ. ರೋಮನ್ ಅಧಿಕಾರಿ ಹಿಲೇರಿಯಾನಸ್ ಕೂಡ ಕ್ರೂರವಾಗಿ ಏನೂ ಮಾತಾಡಲಿಲ್ಲ. ಅಪ್ಪನ ಮೇಲೆ, ಮಗುವಿನ ಮೇಲೆ ಕನಿಕರ ಇಡು, ಚಕ್ರವರ್ತಿಗಳ ಕ್ಷೇಮಕ್ಕೆ ಒಂದು ಬಲಿ ಅರ್ಪಿಸು ಅಂದ. ಅವಳು ಮಾಡಲ್ಲ ಅಂದಳು. ನೀನು ಕ್ರೈಸ್ತಳಾ? ಹೌದು. ಅಲ್ಲಿಗೆ ಮುಗಿಯಿತು. ಅಪ್ಪ ಇನ್ನೂ ಬೇಡಿಕೊಳ್ಳುತ್ತಿದ್ದಾಗ ಅವನನ್ನು ಕೆಳಕ್ಕೆ ತಳ್ಳಿಸಿ ಕೋಲಿನಿಂದ ಹೊಡೆಸಿದರು. ಆ ಏಟು ನನಗೇ ಬಿದ್ದಂತಾಯಿತು ಅಂತ ಅವಳು ಬರೆಯುತ್ತಾಳೆ.

ಕೇಳಿದ್ದು ಎಷ್ಟು ಸಣ್ಣದು ನೋಡಿ. ದೇವರನ್ನು ಬಿಟ್ಟುಬಿಡು ಅಂತ ಯಾರೂ ಉದ್ದುದ್ದ ಭಾಷಣ ಮಾಡಿಸಲಿಲ್ಲ. ಚಕ್ರವರ್ತಿಯ ಹೆಸರಿನಲ್ಲಿ ಒಂದು ಬಲಿ. ಬೇರೆ ಕಡೆ ಒಂದು ಚಿಟಿಕೆ ಧೂಪ, ಒಂದಿಷ್ಟು ದ್ರಾಕ್ಷಾರಸ. ಅಷ್ಟು ಮಾಡಿ ಮನೆಗೆ ಹೋಗಿ ಮಗುವಿಗೆ ಹಾಲೂಡಿಸಬಹುದಿತ್ತು. “ಮಾಡಿಬಿಟ್ಟಿದ್ರೆ ಏನಾಗ್ತಿತ್ತು?” ಅನ್ನುವ ಪ್ರಶ್ನೆ ನನ್ನ ಮನಸ್ಸಿಗೂ ಬಂದಿದೆ. ಆದರೆ ಅಷ್ಟೇ ಗಟ್ಟಿಯಾಗಿ ಇನ್ನೊಂದು ಪ್ರಶ್ನೆಯೂ ಇದೆ. ಅದು ಅಷ್ಟು ಸಣ್ಣದೇ ಆಗಿದ್ದರೆ, ಮಾಡದವರ ಪ್ರಾಣ ತೆಗೆಯುವಷ್ಟು ಹಠ ಯಾಕೆ? ಧೂಪ ಯಾರಿಗೂ ಬೇಕಿರಲಿಲ್ಲ. ನಿನ್ನ ಒಳಗೂ ನನ್ನದೇ ಅಧಿಕಾರ ಅಂತ ನಿನ್ನ ಬಾಯಿಂದಲೇ ಒಪ್ಪಿಸಬೇಕಿತ್ತು. ಹುತಾತ್ಮರ ಕಥೆಗಳಲ್ಲಿ ಸಿಂಹ, ಕತ್ತಿ, ಬೆಂಕಿಯೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತವೆ. ಅದಕ್ಕೂ ಮುಂಚೆ ಈ ಸಣ್ಣ ಬೇಡಿಕೆ ಬಂದು ಕೂತಿರುತ್ತದೆ.

ರೋಮನ್ನರು ಇದನ್ನು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಪ್ಲಿನಿ ಎಂಬ ಅಧಿಕಾರಿಯ ಪತ್ರ ಇದೆ. ಸುಮಾರು 112ರಲ್ಲಿ, ಕಪ್ಪು ಸಮುದ್ರದ ದಂಡೆಯ ಬಿಥೀನಿಯಾ ಪ್ರಾಂತ್ಯದಿಂದ ಚಕ್ರವರ್ತಿ ಟ್ರಾಜನ್‌ಗೆ ಬರೆದದ್ದು. ಕ್ರೈಸ್ತರು ಅಂತ ದೂರು ಬಂದವರನ್ನು ಮೂರು ಸಲ ಕೇಳುತ್ತೇನೆ, ಆಗಲೂ ಬಿಡದಿದ್ದರೆ ಕೊಲ್ಲಲು ಕಳಿಸುತ್ತೇನೆ, ಅವರು ನಂಬುವುದು ಏನೇ ಇರಲಿ ಆ ಮೊಂಡುತನಕ್ಕಾದರೂ ಶಿಕ್ಷೆ ಆಗಬೇಕು ಅನ್ನುತ್ತಾನೆ. ಅಷ್ಟಕ್ಕೂ ಇವರು ಮಾಡುವುದೇನು? ಬೆಳಕು ಹರಿಯುವ ಮುಂಚೆ ಸೇರಿ ಕ್ರಿಸ್ತನಿಗೆ ಹಾಡು ಹೇಳುತ್ತಾರೆ, ಕಳ್ಳತನ ಮಾಡಲ್ಲ, ಹಾದರ ಮಾಡಲ್ಲ, ಕೊಟ್ಟ ಮಾತು ತಪ್ಪಲ್ಲ ಅಂತ ಆಣೆ ಮಾಡುತ್ತಾರೆ. ಅವನಿಗೆ ಗೊತ್ತಾಗಿದ್ದು ಇಷ್ಟೇ. ನಿಜ ತಿಳಿಯಲು ಕ್ರೈಸ್ತ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾನೆ. ಆ ಇಬ್ಬರ ಹೆಸರೂ ಬರೆದಿಲ್ಲ. ನಾನು ಆ ಸಾಲಿನಲ್ಲೇ ನಿಂತುಬಿಡುತ್ತೇನೆ.

ಟ್ರಾಜನ್‌ನ ಉತ್ತರ ಚಿಕ್ಕದು. ಅವರನ್ನು ಹುಡುಕಿಕೊಂಡು ಹೋಗಬೇಡ, ದೂರು ಬಂದು ಸಾಬೀತಾದರೆ ಶಿಕ್ಷಿಸು, ಹೆಸರಿಲ್ಲದ ದೂರನ್ನು ಮಾತ್ರ ತೆಗೆದುಕೊಳ್ಳಬೇಡ, ಅದು ನಮ್ಮ ಕಾಲಕ್ಕೆ ಶೋಭಿಸದು. ಮುಂದೆ ಕಾರ್ತೇಜ್‌ನ ಕ್ರೈಸ್ತ ಬರಹಗಾರ ತೆರ್ತುಲ್ಲಿಯನ್ ಇದನ್ನೇ ಹಿಡಿದು ಜಾಡಿಸಿದ. ತಪ್ಪಿತಸ್ಥರಾದರೆ ಯಾಕೆ ಹುಡುಕಬಾರದು, ತಪ್ಪಿತಸ್ಥರಲ್ಲದಿದ್ದರೆ ಯಾಕೆ ಶಿಕ್ಷಿಸಬೇಕು ಅಂತ. ಅವನು ಕೇಳಿದ್ದು ಸರಿ. ಆದರೂ ಹೆಸರಿಲ್ಲದ ದೂರು ಬೇಡ ಅನ್ನುವ ಆ ಒಂದು ಮಾತು ಎಷ್ಟು ದೊಡ್ಡದು ಅಂತ ಇವತ್ತಿನ ಕೆಲವು ದೇಶಗಳನ್ನು ನೋಡಿದಾಗ ಗೊತ್ತಾಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಮೊದಲ 300 ವರ್ಷ ಕ್ರೈಸ್ತರು ಪ್ರತಿದಿನ ಬೇಟೆಗೆ ಸಿಕ್ಕವರಂತೆ ಬದುಕಿದರು, ನೆಲದಡಿಯ ಸಮಾಧಿ ಸುರಂಗಗಳಲ್ಲಿ ಅಡಗಿಕೊಂಡಿದ್ದರು ಅನ್ನುವುದು ನಿಜವಲ್ಲ. ಆ ಸುರಂಗಗಳು ಸತ್ತವರನ್ನು ಹೂಳಲು ಇದ್ದವು. ಹಿಂಸೆ ಒಂದೊಂದು ಊರಿನಲ್ಲಿ ಒಂದೊಂದು ಕಾಲಕ್ಕೆ ಭುಗಿಲೆದ್ದು ತಣ್ಣಗಾಗುತ್ತಿತ್ತು. 64ರಲ್ಲಿ ರೋಮ್ ಸುಟ್ಟಾಗ ನೀರೋ ಆ ಊರಿನ ಕ್ರೈಸ್ತರ ತಲೆಗೆ ಕಟ್ಟಿದ. 177ರಲ್ಲಿ ಗಾಲ್ ನಾಡಿನ, ಅಂದರೆ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಜನರೇ ರೊಚ್ಚಿಗೆದ್ದರು, ಬ್ಲಾಂಡಿನಾ ಎಂಬ ದಾಸಿಯನ್ನು ಹಿಂಸಿಸಿ ಹಿಂಸಿಸಿ ಹಿಂಸಿಸುವವರೇ ದಣಿದರು. ಇಡೀ ಸಾಮ್ರಾಜ್ಯಕ್ಕೇ ಆಜ್ಞೆ ಬಂದದ್ದು ಮೂರನೇ ಶತಮಾನದ ನಡುವೆ. ಅದಕ್ಕೆ ಸ್ವಲ್ಪ ಮುಂಚೆ, ಒರಿಗೆನ್ ಎಂಬ ಮಹಾ ವಿದ್ವಾಂಸ, ನಂಬಿಕೆಗಾಗಿ ಪ್ರಾಣ ಕೊಟ್ಟವರು ಕೆಲವರೇ, ಸುಲಭವಾಗಿ ಎಣಿಸಬಹುದು ಅಂತ ಬರೆದಿದ್ದಾನೆ. ಇದನ್ನು ಹೇಳುವ ಹಕ್ಕು ಅವನಿಗಿಂತ ಜಾಸ್ತಿ ಯಾರಿಗಿತ್ತು? ಅವನ ಅಪ್ಪ ಲಿಯೊನಿಡೆಸ್‌ನನ್ನು ಅಲೆಕ್ಸಾಂಡ್ರಿಯಾದಲ್ಲಿ ಕೊಂದಾಗ ಇವನು ಹದಿಹರೆಯದ ಹುಡುಗ. ಅಪ್ಪನ ಜೊತೆ ತಾನೂ ಸಾಯುತ್ತೇನೆ ಅಂತ ಹೊರಟವನನ್ನು ತಡೆಯಲು ತಾಯಿ ಅವನ ಬಟ್ಟೆಯನ್ನೆಲ್ಲ ಬಚ್ಚಿಟ್ಟಳಂತೆ. ಬೆತ್ತಲೆ ಹೋಗಲಾರದೆ ಹುಡುಗ ಉಳಿದ. ಆ ತಾಯಿಯ ಜಾಣತನಕ್ಕೆ ನಾನು ಕೈಮುಗಿಯುತ್ತೇನೆ. ಮುಂದೆ ಚಕ್ರವರ್ತಿ ಡೀಸಿಯಸ್‌ನ ಕಾಲದಲ್ಲಿ ಮುಪ್ಪಿನಲ್ಲಿ ಅವನನ್ನೂ ಹಿಡಿದು ಹಿಂಸಿಸಿದರು, ಅದರಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ.

ಸಾವನ್ನು ಹುಡುಕಿಕೊಂಡು ಹೋಗುವುದನ್ನು ಆಗಿನ ಸಭೆಯ ಹಿರಿಯರು ಮೆಚ್ಚುತ್ತಿರಲಿಲ್ಲ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿ ಅಂತ ಯೇಸುವೇ ಹೇಳಿದ್ದಾನಲ್ಲ. ಈಗಿನ ಟರ್ಕಿಯ ಸ್ಮುರ್ನದ ಬಿಷಪ್ ಪಾಲಿಕಾರ್ಪ ಕೂಡ ಮೊದಲು ತೋಟದ ಮನೆಯಲ್ಲಿ ಅಡಗಿದ್ದವನೇ. ಹಿಡಿಯಲು ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆಗೆ ಒಂದಿಷ್ಟು ಹೊತ್ತು ಕೇಳಿಕೊಂಡ. 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡೂ ಮಾಡಿಲ್ಲ, ನನ್ನ ಅರಸನನ್ನು ಹೇಗೆ ಬೈಯಲಿ ಅಂದದ್ದು ಅವನೇ. ಅದೇ ಬರಹದಲ್ಲಿ ಕ್ವಿಂಟಸ್ ಅಂತ ಇನ್ನೊಬ್ಬ ಬರುತ್ತಾನೆ. ತಾನಾಗಿಯೇ ಮುಂದೆ ಬಂದ, ಬೇರೆಯವರನ್ನೂ ಹುರಿದುಂಬಿಸಿದ, ಮೃಗಗಳನ್ನು ಕಂಡ ಕೂಡಲೇ ಎದೆ ಒಡೆದು ಬಲಿ ಅರ್ಪಿಸಿಬಿಟ್ಟ.

ಕ್ವಿಂಟಸ್‌ನಂಥವರ ಬಗ್ಗೆ ನಮ್ಮ ಪ್ರವಚನಗಳಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ಅವರ ಬಗ್ಗೆಯೇ ಮಾತಾಡಬೇಕು ಅನ್ನಿಸುತ್ತದೆ.

249ರ ಕೊನೆಯಲ್ಲಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಚೀಟಿ ಪಡೆಯಬೇಕು. ಈಜಿಪ್ಟಿನ ಒಣ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಒಂದರಲ್ಲಿ ಡಯೋಜೆನಿಸ್ ಎಂಬ ಮುದುಕನ ವಿವರ ಇದೆ. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಟ್ಟಿದ್ದೇನೆ, ಈಗ ನಿಮ್ಮೆದುರೇ ಆಜ್ಞೆಯಂತೆ ಬಲಿ ಕೊಟ್ಟು, ದ್ರಾಕ್ಷಾರಸ ಎರೆದು, ನೈವೇದ್ಯದ ರುಚಿ ನೋಡಿದ್ದೇನೆ, ದಯವಿಟ್ಟು ದೃಢೀಕರಿಸಿ. ಕೆಳಗೆ ಸಹಿ, ತಾರೀಖು. ಎಷ್ಟು ಸರ್ಕಾರಿ ಕಾಗದದ ಹಾಗಿದೆ ಅಲ್ವಾ? ಒಂದು ಸಾಮ್ರಾಜ್ಯ ಜನರ ಮನಸ್ಸಿನೊಳಗೆ ಕೈ ಹಾಕಿದ್ದು ಹುಬ್ಬಿನ ಗಾಯ ಬರೆದುಕೊಳ್ಳುವ ಒಬ್ಬ ಗುಮಾಸ್ತನ ಮೂಲಕ.

ಕಾರ್ತೇಜ್‌ನಲ್ಲಿ ಕ್ರೈಸ್ತರು ಗುಂಪು ಗುಂಪಾಗಿ ಹೋಗಿ ಬಲಿ ಅರ್ಪಿಸಿದರು. ಕೆಲವರು ಬಲಿ ಕೊಡದೆ ಅಧಿಕಾರಿಗೆ ದುಡ್ಡು ಕೊಟ್ಟು ಚೀಟಿ ಮಾತ್ರ ತಂದರು. ಬಿಷಪ್ ಸಿಪ್ರಿಯನ್ ಊರು ಬಿಟ್ಟು ತಲೆಮರೆಸಿಕೊಂಡ, ಅದಕ್ಕೆ ಬೈಸಿಕೊಂಡ. ಬಿರುಗಾಳಿ ನಿಂತ ಮೇಲೆ, ಹೀಗೆ ಬಿದ್ದವರೆಲ್ಲ ಅಳುತ್ತಾ ವಾಪಸ್ ಬಂದರು. ಈಗ ಏನು ಮಾಡುವುದು? ಸೇರಿಸಿಕೊಳ್ಳಲೇಬಾರದು ಅಂದರು ಕೆಲವರು. ನಂಬಿಕೆಗಾಗಿ ಸೆರೆಯಲ್ಲಿ ನರಳಿ ಬಂದವರು ಇವರ ಪರವಾಗಿ ಪತ್ರ ಬರೆದುಕೊಟ್ಟರೆ ಸಾಕು, ತಕ್ಷಣ ಕ್ಷಮಿಸಿ ಅಂದರು ಇನ್ನು ಕೆಲವರು. ಕೊನೆಗೆ ಸಿಪ್ರಿಯನ್ ಮತ್ತು ಜೊತೆಯ ಬಿಷಪರು ನಡುದಾರಿ ಹಿಡಿದರು. ಪಶ್ಚಾತ್ತಾಪಕ್ಕೆ ಕಾಲ ಬೇಕು, ಆದರೆ ಬಾಗಿಲು ಮುಚ್ಚಬಾರದು. ಓಡಿಹೋದವನು ಅಂತ ಬೈಸಿಕೊಂಡ ಅದೇ ಸಿಪ್ರಿಯನ್‌ನನ್ನು 258ರ ಸೆಪ್ಟೆಂಬರ್ 14ರಂದು ತಲೆ ಕಡಿದು ಕೊಂದರು. ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಅಂತ ಅವನೇ ತನ್ನವರಿಗೆ ಹೇಳಿದ್ದ.

ನನ್ನ ಮಟ್ಟಿಗೆ, ಬಿದ್ದವರನ್ನು ಮತ್ತೆ ಎತ್ತಿಕೊಂಡ ಆ ತೀರ್ಮಾನ ಹುತಾತ್ಮರ ಸಾವಿನಷ್ಟೇ ದೊಡ್ಡದು. ಎಲ್ಲರಿಗೂ ಪೆರ್ಪೆತುವಾ ಆಗಲು ಆಗುವುದಿಲ್ಲ. ಆಗದವರೂ ನಮ್ಮವರೇ.

ಕಡೆಯ ದೊಡ್ಡ ಹಿಂಸೆ ಶುರುವಾದದ್ದು ಚಕ್ರವರ್ತಿ ಡಯೋಕ್ಲಿಷಿಯನ್ ಕಾಲದಲ್ಲಿ, 303ರ ಫೆಬ್ರವರಿ 23ರಂದು. ಚರ್ಚುಗಳನ್ನು ಕೆಡವಿ, ಧರ್ಮಗ್ರಂಥ ಸುಡಿ ಅಂತ ಆಜ್ಞೆ. ಮೇ 19ರಂದು ಉತ್ತರ ಆಫ್ರಿಕಾದ ಸಿರ್ತಾ ಊರಿನಲ್ಲಿ, ಅಂದರೆ ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೈನ್‌ನಲ್ಲಿ, ಕ್ರೈಸ್ತರು ಸೇರುತ್ತಿದ್ದ ಮನೆಯನ್ನು ಜಪ್ತಿ ಮಾಡಿದರು. ಆ ಜಪ್ತಿಯ ಪಟ್ಟಿ ಉಳಿದಿದೆ. 2 ಚಿನ್ನದ ಪಾನಪಾತ್ರೆ, 6 ಬೆಳ್ಳಿಯವು, ದೀಪಗಳು. ಆಮೇಲೆ ಬರುತ್ತದೆ: ಹೆಂಗಸರ ಅಂಗಿ 82, ಮುಸುಕಿನ ಬಟ್ಟೆ 38, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದ್ದು 47 ಜೊತೆ. ಬಡವರಿಗೆ, ವಿಧವೆಯರಿಗೆ ಕೊಡಲು ಕೂಡಿಟ್ಟದ್ದಿರಬೇಕು. ಸಾಮ್ರಾಜ್ಯಕ್ಕೆ ಅಪಾಯ ಅಂತ ಬಾಗಿಲು ಒಡೆದು ಒಳಗೆ ಹೋದವರಿಗೆ ಸಿಕ್ಕಿದ್ದು ಹೆಂಗಸರ ಚಪ್ಪಲಿಗಳು. ಪುಸ್ತಕ ಎಲ್ಲಿ ಅಂದಾಗ ಬಿಷಪ್, ಸಭೆಯಲ್ಲಿ ಗ್ರಂಥ ಓದುವವರ ಹತ್ತಿರ ಇವೆ ಅಂದುಬಿಟ್ಟ. ಓದುವವರ ಮನೆ ತೋರಿಸಿ ಅಂದಾಗ ಇಬ್ಬರು ಕಿರಿಯ ಸೇವಕರು, ನಾವು ದ್ರೋಹಿಗಳಲ್ಲ, ಬೇಕಾದರೆ ಕೊಲ್ಲಿಸಿ ಅಂತ ನಿಂತರು. ಮುಂದೆ ಮನೆ ಮನೆಗೆ ಹೋದಾಗ ಕೆಲವರು ಪುಸ್ತಕ ತಂದು ಕೊಟ್ಟರು. ಒಂದು ಮನೆಯ ಹೆಂಗಸು 6 ಪುಸ್ತಕ ತಂದಿಟ್ಟಳು. ಗಟ್ಟಿಗರು, ಹೆದರಿದವರು ಎಲ್ಲರೂ ಒಂದೇ ಬೀದಿಯವರು, ಒಂದೇ ದಿನದಲ್ಲಿ.

ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಪಂಚಾಂಗ ಇವತ್ತಿಗೂ ಡಯೋಕ್ಲಿಷಿಯನ್ ಪಟ್ಟಕ್ಕೆ ಬಂದ 284ರಿಂದಲೇ ವರ್ಷ ಎಣಿಸುತ್ತದೆ. ಅದಕ್ಕೆ ಹುತಾತ್ಮರ ಶಕೆ ಅನ್ನುತ್ತಾರೆ. ಆ ಸಭೆಯ 20 ಮಂದಿ, ಜೊತೆಗೆ ಘಾನಾ ದೇಶದ ಒಬ್ಬ, ಕೂಲಿಗಾಗಿ ಲಿಬಿಯಾಕ್ಕೆ ಹೋದವರು. ಹೆಚ್ಚಿನವರು ಮಿನ್ಯಾ ಪ್ರಾಂತ್ಯದ ಬಡ ಹಳ್ಳಿಗಳವರು, ಮನೆಗೆ ದುಡ್ಡು ಕಳಿಸುತ್ತಿದ್ದವರು. ಐಸಿಸ್‌ನವರು ಅವರನ್ನು ಹಿಡಿದು ಸಮುದ್ರದ ದಂಡೆಯಲ್ಲಿ ಕೊಂದು, 2015ರ ಫೆಬ್ರವರಿ 15ರಂದು ಆ ವಿಡಿಯೊ ಬಿಟ್ಟರು. ನಾನು ಅದನ್ನು ನೋಡಿಲ್ಲ, ನೋಡುವುದೂ ಇಲ್ಲ. ಕೊಂದವರು ನಮಗೆ ತೋರಿಸಬೇಕು ಅಂತಲೇ ಮಾಡಿದ್ದು ಅದು. ಆದರೆ ಕೊನೆಯ ಕ್ಷಣದಲ್ಲಿ ಅವರು ಯೇಸುವಿನ ಹೆಸರು ಕರೆದದ್ದು ಅದರಲ್ಲಿ ದಾಖಲಾಗಿದೆ. ಇಬ್ಬರು ಸಹೋದರರನ್ನು ಕಳೆದುಕೊಂಡ ಒಬ್ಬ ಟಿವಿಯಲ್ಲಿ ಮಾತಾಡುತ್ತಾ, ಆ ಹೆಸರನ್ನು ಕತ್ತರಿಸದೆ ಬಿಟ್ಟಿದ್ದಕ್ಕೆ ಕೊಂದವರಿಗೇ ಥ್ಯಾಂಕ್ಸ್ ಹೇಳಿದ. ಆ ಕೊಂದವನು ಎದುರಿಗೆ ಬಂದರೆ ಮನೆಯೊಳಗೆ ಕರೆಯುತ್ತೇನೆ, ದೇವರು ಅವನ ಕಣ್ಣು ತೆರೆಸಲಿ ಅಂತ ಬೇಡುತ್ತೇನೆ ಅಂದಿದ್ದಳು ಅವನ ತಾಯಿ. ನನಗೆ ಹಾಗೆ ಹೇಳಲು ಬಾಯಿ ಬರುತ್ತದಾ? ಗೊತ್ತಿಲ್ಲ. ಆದರೆ ಆ ತಾಯಿಯ ಮಾತನ್ನು ಪಕ್ಕಕ್ಕಿಟ್ಟು, ಆ ವಿಡಿಯೊವನ್ನು ಒಂದು ಧರ್ಮದವರೆಲ್ಲರ ಮೇಲೆ ದ್ವೇಷ ಹಚ್ಚಲು ಬಳಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನೈಜೀರಿಯಾದ ದಪ್ಚಿಯಲ್ಲಿ 2018ರ ಫೆಬ್ರವರಿಯಲ್ಲಿ ಉಗ್ರ ಸಂಘಟನೆ ಬೋಕೊ ಹರಾಮ್‌ನಿಂದ ಸಿಡಿದ ಗುಂಪೊಂದು 110 ಶಾಲಾ ಹುಡುಗಿಯರನ್ನು ಹೊತ್ತೊಯ್ದಿತು. ಕೆಲವರು ದಾರಿಯಲ್ಲೇ ಸತ್ತರು. ಮುಂದಿನ ತಿಂಗಳು ಉಳಿದವರನ್ನು ವಾಪಸ್ ತಂದು ಬಿಟ್ಟರು, ಒಬ್ಬಳನ್ನು ಬಿಟ್ಟು. ಲೇಯಾ ಶರಿಬು, ಆಗ 14 ವರ್ಷ. ನಂಬಿಕೆ ಬಿಡಲು ಒಪ್ಪಲಿಲ್ಲ, ಅದಕ್ಕೇ ಅವಳನ್ನು ಕಳಿಸಲಿಲ್ಲ ಅಂತ ವಾಪಸ್ ಬಂದ ಗೆಳತಿಯರೇ ಹೇಳಿದರು. ಆ ಗೆಳತಿಯರು ಮುಸ್ಲಿಂ ಹುಡುಗಿಯರು. ನಾಲ್ಕು ಮಾತು ಹೇಳಿಬಿಡು, ನಮ್ಮ ಜೊತೆ ಬಂದುಬಿಡು ಅಂತ ಅವರು ಅವಳನ್ನು ಬೇಡಿಕೊಂಡಿದ್ದರಂತೆ. ಮತ್ತೆ ಅದೇ ಸಣ್ಣ ಬೇಡಿಕೆ.

ಪಾಕಿಸ್ತಾನದ ಆಸಿಯಾ ಬೀಬಿಯ ಕಥೆ ಶುರುವಾದದ್ದು ಒಂದು ಲೋಟ ನೀರಿನಿಂದ. 2009ರಲ್ಲಿ ಹೊಲದ ಕೆಲಸದ ನಡುವೆ ಅವಳು ಮುಟ್ಟಿದ ನೀರು ಕುಡಿಯಲ್ಲ ಅಂತ ಜೊತೆಯ ಹೆಂಗಸರು ಜಗಳ ತೆಗೆದರು, ಆಮೇಲೆ ಧರ್ಮನಿಂದನೆಯ ದೂರು ಬಂತು, ಮರುವರ್ಷ ಮರಣದಂಡನೆ. ಅವಳ ಪರ ಮಾತಾಡಿದ ಪಂಜಾಬ್ ರಾಜ್ಯಪಾಲ ಸಲ್ಮಾನ್ ತಾಸೀರ್ ಮುಸ್ಲಿಂ. 2011ರ ಜನವರಿಯಲ್ಲಿ ಅವರನ್ನು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದ. ಎರಡು ತಿಂಗಳಿಗೆ ಕ್ರೈಸ್ತ ಮಂತ್ರಿ ಶಹಬಾಜ್ ಭಟ್ಟಿಯನ್ನೂ ಕೊಂದರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಸಾಕ್ಷ್ಯದಲ್ಲಿ ಹುರುಳಿಲ್ಲ ಅಂತ ಅವಳನ್ನು ಬಿಡುಗಡೆ ಮಾಡಿತು. ಅಲ್ಲಿ ಅವಳಿಗಾಗಿ ವಾದಿಸಿದ ವಕೀಲರೂ ಮುಸ್ಲಿಂ. ಬೀದಿಯಲ್ಲಿ ಹುಟ್ಟಿದ ಒಂದು ಆರೋಪ ಇಷ್ಟು ಜೀವ ತಿನ್ನಬಹುದಾದರೆ, ದೂರಿಗೂ ಒಂದು ಕಟ್ಟುಪಾಡು ಇರಲಿ ಅಂದ ಟ್ರಾಜನ್‌ನ ಮಾತು ಯಾಕೆ ನೆನಪಾಗುತ್ತದೆ ಅಂತ ಈಗ ಗೊತ್ತಾಗಿರಬೇಕು.

ನಮ್ಮ ದೇಶದಲ್ಲೂ ಆಗಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಜೀಪಿನಲ್ಲಿ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಸುಟ್ಟರು. ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು, ಆಮೇಲೂ ವರ್ಷಗಟ್ಟಲೆ ಅಲ್ಲೇ ಇದ್ದು ಕುಷ್ಠರೋಗಿಗಳ ಆರೈಕೆ ನೋಡಿಕೊಂಡರು. 2008ರಲ್ಲಿ ಅದೇ ರಾಜ್ಯದ ಕಂಧಮಾಲ್‌ನಲ್ಲಿ ಕ್ರೈಸ್ತರ ಮೇಲೆ ದಾಳಿಗಳಾಗಿ ಸಾವಿರಾರು ಜನ ಮನೆ ಬಿಟ್ಟು ಕಾಡಿಗೆ ಓಡಿದರು.

ಲೆಕ್ಕದ ವಿಷಯಕ್ಕೂ ಬರಬೇಕು. ವರ್ಷಕ್ಕೆ ಒಂದು ಲಕ್ಷ ಕ್ರೈಸ್ತರು ನಂಬಿಕೆಗಾಗಿ ಸಾಯುತ್ತಿದ್ದಾರೆ ಅಂತ ಒಂದು ಅಂಕಿ ಬಹಳ ಕಾಲ ಓಡಾಡಿತು. ಅದರಲ್ಲಿ ಹೆಚ್ಚಿನ ಪಾಲು ಕಾಂಗೋದ ಅಂತರ್ಯುದ್ಧದಲ್ಲಿ ಸತ್ತವರದ್ದು. ಅಲ್ಲಿ ಕೊಂದವರೂ ಸತ್ತವರೂ ಹೆಚ್ಚಾಗಿ ಕ್ರೈಸ್ತರೇ. ಇಂಥ ಅಂಕಿಯನ್ನು ಹಂಚುವುದರಿಂದ ಯಾರಿಗೂ ಒಳ್ಳೆಯದಾಗಲ್ಲ. ಒಂದು ಸುಳ್ಳು ಹಿಡಿದು ಹಾಕಿದರೆ, ನಿಜವಾಗಿ ನರಳಿದವರ ಮಾತನ್ನೂ ಜನ ನಂಬದೆ ಹೋಗುತ್ತಾರೆ. ಒರಿಗೆನ್ ಕೆಲವರೇ ಅಂದ, ಅದರಿಂದ ಅವನ ಅಪ್ಪನ ಸಾವು ಚಿಕ್ಕದಾಗಲಿಲ್ಲ.

ಇನ್ನೊಂದು, ಇದು ಹೇಳಲು ಕಷ್ಟ. 311ರಲ್ಲಿ ಚಕ್ರವರ್ತಿ ಗಲೇರಿಯಸ್ ಹಿಂಸೆ ನಿಲ್ಲಿಸಿದ, 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಲ್ಲರಿಗೂ ಪೂಜೆಯ ಸ್ವಾತಂತ್ರ್ಯ ಕೊಟ್ಟರು. ಅಲ್ಲಿಂದ ನೂರು ವರ್ಷವೂ ಬೇಕಾಗಲಿಲ್ಲ. 385ರ ಸುಮಾರಿಗೆ ಟ್ರಿಯರ್‌ನಲ್ಲಿ ಪ್ರಿಸಿಲಿಯನ್ ಎಂಬ ಬಿಷಪ್‌ನನ್ನು ಕ್ರೈಸ್ತ ಚಕ್ರವರ್ತಿಯೇ ಕೊಲ್ಲಿಸಿದ, ದೂರು ಕೊಟ್ಟವರು ಬೇರೆ ಬಿಷಪರು. ತೂರ್‌ನ ಮಾರ್ಟಿನ್ ಬೇಡ ಬೇಡ ಅಂತ ತಡೆಯಲು ನೋಡಿದ, ಆಗಲಿಲ್ಲ. ಮುಂದಿನ ಶತಮಾನಗಳಲ್ಲಿ ಯೆಹೂದಿಗಳಿಗೆ, ಬೇರೆ ನಂಬಿಕೆಯವರಿಗೆ, ಸ್ವಂತ ಸಹೋದರರಿಗೆ ಏನೇನು ಆಯಿತು ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಕೈಗೆ ಅಧಿಕಾರ ಬಂದ ಮೇಲೆ ನಾವೂ ಧೂಪದ ತಟ್ಟೆ ಹಿಡಿದು ಬೇರೆಯವರ ಮುಂದೆ ನಿಂತೆವು. ಪೆರ್ಪೆತುವಾಳನ್ನು ನಮ್ಮವಳು ಅನ್ನುವವರು 2014ರಲ್ಲಿ ಐಸಿಸ್ ಕೈಯಲ್ಲಿ ಇರಾಕಿನ ಸಿಂಜಾರ್‌ನ ಯಜೀದಿ ಹೆಂಗಸರಿಗೆ ಆದದ್ದಕ್ಕೂ ಅಳಬೇಕು, ಪಾಕಿಸ್ತಾನದ ಅಹ್ಮದೀಯ ಪಂಥದವರಿಗೆ ಆಗುತ್ತಿರುವುದಕ್ಕೂ ದನಿ ಎತ್ತಬೇಕು. ಇಲ್ಲದಿದ್ದರೆ ನಾವು ಅವಳ ಟಿಪ್ಪಣಿ ಓದಿದ್ದು ಸುಮ್ನೆ.

ಸಾವಿನ ಸುದ್ದಿ ಆಗದವರೇ ಇವತ್ತು ಜಾಸ್ತಿ. ಎರಿಟ್ರಿಯಾದಲ್ಲಿ 2002ರಲ್ಲಿ ಸರ್ಕಾರ ಆರ್ಥೊಡಾಕ್ಸ್, ಕ್ಯಾಥೊಲಿಕ್, ಲುಥೆರನ್ ಸಭೆಗಳು ಮತ್ತು ಸುನ್ನಿ ಇಸ್ಲಾಂ ಬಿಟ್ಟು ಉಳಿದವರೆಲ್ಲರ ಬಾಗಿಲು ಮುಚ್ಚಿಸಿತು. ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿದವರನ್ನೂ ಹಿಡಿದು ಹಡಗಿನ ಸರಕು ಕಂಟೇನರ್‌ಗಳಲ್ಲಿ ಕೂಡಿ ಹಾಕಿತು, ಹಗಲು ಕಾದ ಕಬ್ಬಿಣ, ರಾತ್ರಿ ಕೊರೆಯುವ ಕಬ್ಬಿಣ. ಅನುಮತಿ ಇದ್ದ ಸಭೆಯವರೂ ಬಚಾವಾಗಲಿಲ್ಲ. ಸರ್ಕಾರ ತಲೆ ಹಾಕುವುದನ್ನು ಒಪ್ಪದ ಆರ್ಥೊಡಾಕ್ಸ್ ಪಿತಾಮಹ ಅಬೂನ ಅಂತೋನಿಯೋಸ್ ಅವರನ್ನು ಪದವಿಯಿಂದ ಇಳಿಸಿ ಗೃಹಬಂಧನದಲ್ಲಿಟ್ಟರು, ಅವರು 2022ರಲ್ಲಿ ಬಂಧನದಲ್ಲೇ ತೀರಿಕೊಂಡರು. 180ರಲ್ಲಿ ಕಾರ್ತೇಜ್‌ನಲ್ಲಿ ಸಿಲ್ಲಿ ಎಂಬ ಊರಿನ 12 ಮಂದಿಯನ್ನು ವಿಚಾರಿಸಿದ ಅಧಿಕಾರಿ ಸಾಟರ್ನಿನಸ್, ತೀರ್ಪು ಕೊಡುವ ಮುಂಚೆ, ಯೋಚಿಸಲು 30 ದಿನ ತಗೊಳ್ಳಿ ಅಂದಿದ್ದ. ಅವರು ಬೇಡ ಅಂದರು, ಅದು ಬೇರೆ ಮಾತು. ಎರಿಟ್ರಿಯಾದಲ್ಲಿ 2004ರಲ್ಲಿ ಹಿಡಿದುಕೊಂಡು ಹೋದ ಪಾಸ್ಟರ್‌ಗಳಿಗೆ ಆರೋಪಪಟ್ಟಿ ಇಲ್ಲ, ವಕೀಲರಿಲ್ಲ, ಒಂದು ದಿನದ ವಿಚಾರಣೆಯೂ ಇಲ್ಲ. 20 ವರ್ಷ ಕಳೆದರೂ ಅವರು ಹೊರಗೆ ಬಂದಿರಲಿಲ್ಲ. ಹುತಾತ್ಮರ ಪಟ್ಟಿಗೆ ಅವರ ಹೆಸರು ಸೇರುವುದು ನನಗೆ ಬೇಡ. ಅವರು ಮನೆಗೆ ಬರಬೇಕು.